ತುಮಕೂರಲ್ಲಿ ಬಿಡಿ ಥ್ರೆಡ್‌ರಿಪ್ಪರ್ ಪ್ರೊ ತಗೊಳ್ಳೋ ಮುಂಚೆ ಇದನ್ನ ಓದಿ

ಬಾಕ್ಸ್ ಇಲ್ಲದೆ "ಟ್ರೇ ಪೀಸ್" ಅಂತ ಮಾರೋ ಎಎಂಡಿ ಕಂಪನಿಯ ಪ್ರೊಸೆಸರ್ (ಸಿಪಿಯು) ಥ್ರೆಡ್‌ರಿಪ್ಪರ್ ಪ್ರೊ 5975ಡಬ್ಲ್ಯೂಎಕ್ಸ್‌ಗೆ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ನಮ್ಮೂರಿನದೇ ಒಂದು ಅಂಗಡಿ ನಮ್ಮ ಸ್ಟುಡಿಯೋಗೆ ಅದನ್ನ ತಗಲಿಹಾಕಿದೆ.

ಅದಕ್ಕಂತಲೇ ಇರೋ ಡಬ್ಲ್ಯೂಆರ್‌ಎಕ್ಸ್80 ಮದರ್‌ಬೋರ್ಡಿಗೆ ಕೂರಿಸಿದ್ರೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಅಷ್ಟೇ. ಅಂಗಡಿಯವರ ಉತ್ತರ ಕೇಳಿ. ಮೊದಲು "ಬಯೋಸ್ ಅಪ್‌ಡೇಟ್ ಮಾಡಿ". ಬಯೋಸ್ ಅಂದ್ರೆ ಬೋರ್ಡನ್ನ ಶುರು ಮಾಡೋ ಸಾಫ್ಟ್‌ವೇರ್, ಅದರ ಅಪ್‌ಡೇಟ್ ಮಾಡಾಗಿತ್ತು. ಆಮೇಲೆ "ಸ್ಕ್ರೂ ಸರಿಯಾಗಿ ಬಿಗಿದಿಲ್ಲ". ಸಾಕೆಟ್‌ನ ಮೂರೂ ಸ್ಕ್ರೂ 1, 2, 3 ಕ್ರಮದಲ್ಲೇ, ಟಾರ್ಕ್ ಡ್ರೈವರ್ ಕಟಕ್ ಅನ್ನೋವರೆಗೂ ಬಿಗಿದಿತ್ತು. ಕೊನೆಗೆ "ನಮ್ಮಲ್ಲಿ ಓಡಿದೆ ಸಾರ್, ವಿಡಿಯೋ ಕಳಿಸ್ತೀನಿ". ಕಳಿಸಿದ್ರು. ಆ ವಿಡಿಯೋದ ಶುರುವಿನಲ್ಲೇ ಪರದೆ ಮೇಲೆ ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್ ಕಂಪನಿಯ ಲೋಗೋ! ಮೈಯೆಲ್ಲ ಉರಿದುಹೋಯ್ತು. ಅಲ್ಲಿಂದ ಬಿಚ್ಚಿದ ಚಿಪ್ ಇದು.

ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್, ಅಂದ್ರೆ ಪಿಎಸ್‌ಬಿ, ಅಂತ ಒಂದಿದೆ. ಅದು ಆನ್ ಇರೋ ಬ್ರ್ಯಾಂಡೆಡ್ ಬೋರ್ಡಿನಲ್ಲಿ ಚಿಪ್ ಬೂಟ್ ಆದ್ರೆ, ಆ ಕಂಪನಿಯ ಬಯೋಸ್ ಕೀ ಗುರುತು ಚಿಪ್ ಒಳಗಿನ ಫ್ಯೂಸ್‌ನಲ್ಲಿ ಶಾಶ್ವತವಾಗಿ ಕೂತುಬಿಡುತ್ತೆ. ಮುಂದೆ ಅದೇ ಕಂಪನಿಯ ಬೋರ್ಡಿನಲ್ಲಿ ಮಾತ್ರ ಓಡುತ್ತೆ. ಸಿಮಾಸ್ ಕ್ಲಿಯರ್ ಮಾಡಿ (ಬಯೋಸ್ ಸೆಟ್ಟಿಂಗ್ ಅಳಿಸಿ), ಬ್ಯಾಟರಿ ತೆಗೀರಿ, ಏನೂ ಆಗಲ್ಲ. 5000 ಸರಣಿ 2022ರ ಮಾರ್ಚ್‌ನಲ್ಲಿ ಬಂದಾಗ ಮೊದಲು ಸಿಕ್ಕಿದ್ದೇ ಬ್ರ್ಯಾಂಡೆಡ್ ಮೆಷಿನ್‌ಗಳಲ್ಲಿ.

ಇದನ್ನ ಹೇಳಿದ್ದಕ್ಕೆ ಬಂದ ಉತ್ತರ: "ಅದೆಲ್ಲ ನಮಗೇನ್ ಗೊತ್ತು, ಚಿಪ್ ಕೆಟ್ಟಿಲ್ವಲ್ಲ." ಕೆಟ್ಟಿಲ್ಲ, ನಿಜ. ಲಾಕ್ ಆಗಿದೆ, ಅದಕ್ಕೇ ಅಗ್ಗಕ್ಕೆ ಬಂದಿದೆ, ಅದನ್ನೇ ಮುಚ್ಚಿಟ್ಟು ಮಾರಿದ್ದಾರೆ. ಬಿಲ್‌ನಲ್ಲಿ ಬರೀ "ಸಿಪಿಯು ಯೂಸ್ಡ್". ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ.

ಇನ್ನೊಂದು. ಮದುವೆ ವಿಡಿಯೋ, ಆಲ್ಬಂ ಮಾಡೋರಿಗೂ ಇದೇ 32 ಕೋರ್ ತೋರಿಸ್ತಾರೆ. ಬ್ಲೆಂಡರ್, ವಿ-ರೇ ಅಂತ 3ಡಿ ಸಾಫ್ಟ್‌ವೇರ್‌ನಲ್ಲಿ ಸಿಪಿಯು ರೆಂಡರ್ ಇದ್ರೆ ಸರಿ, ಎಲ್ಲ ಕೋರೂ ದುಡಿಯುತ್ತೆ. ಫೋಟೋಶಾಪ್‌ಗೆ ಒಂದೊಂದು ಕೋರ್‌ನ ವೇಗ ಮುಖ್ಯ. ಕ್ಯಾಮೆರಾದ 10-ಬಿಟ್ 4:2:2 ಎಚ್.265 ಅನ್ನೋ ಫಾರ್ಮ್ಯಾಟ್‌ನ ವಿಡಿಯೋ ಎಡಿಟಿಂಗ್‌ಗೆ ಇಂಟೆಲ್ ಕ್ವಿಕ್ ಸಿಂಕ್ (ಇಂಟೆಲ್ ಚಿಪ್‌ನ ಗ್ರಾಫಿಕ್ಸ್‌ನಲ್ಲಿರೋ ವಿಡಿಯೋ ಡಿಕೋಡರ್), ಇಲ್ಲಾ ಆ ಫಾರ್ಮ್ಯಾಟ್ ಡಿಕೋಡ್ ಮಾಡೋ ಹೊಸ ಗ್ರಾಫಿಕ್ಸ್ ಕಾರ್ಡ್ ಇದ್ರೆ ಒಳ್ಳೇದು. ಥ್ರೆಡ್‌ರಿಪ್ಪರ್‌ನಲ್ಲಿ ಗ್ರಾಫಿಕ್ಸೇ ಇಲ್ಲ, ಮೇಲೆ 280 ವ್ಯಾಟ್ ಶಾಖ.

ತಗೊಳ್ಳಲೇಬೇಕಂದ್ರೆ ಬಿಡಿಯಾಗಿ ಮಾರೋ ಡಬ್ಲ್ಯೂಆರ್‌ಎಕ್ಸ್80 ಬೋರ್ಡಿನಲ್ಲಿ, ನಿಮ್ಮ ಕಣ್ಣೆದುರೇ ಬೂಟ್ ಮಾಡಿಸಿ, ಎಂಟೂ ರ‍್ಯಾಮ್ ಕಾಣ್ತಿವೆಯಾ ನೋಡಿ. ವಿಡಿಯೋ ನಂಬಬೇಡಿ. ಸೀರಿಯಲ್ ನಂಬರ್ ಜೊತೆ "ಪಿಎಸ್‌ಬಿ ಲಾಕ್ ಇಲ್ಲ" ಅಂತ ಬಿಲ್‌ನಲ್ಲೇ ಬರೆಸಿ. ಬರೆಯಲ್ಲ ಅಂದ್ರೆ ಎದ್ದು ಬನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಿ, ಸೀಲ್ ಬಾಕ್ಸ್ ತಗೊಳ್ಳಿ.