ಊರಿಗೆ ಬಂದ ಎರಡು ಫ್ಲೋರೈಡ್ ಸರ್ವೆ: ಆಶಾ ಕಾರ್ಯಕರ್ತೆಯೊಬ್ಬಳ ವಿಮರ್ಶೆ

ಪಾವಗಡ ತಾಲ್ಲೂಕಿನ ಒಂದು ಊರಿನಲ್ಲಿ ನಾನು ಆಶಾ ಕಾರ್ಯಕರ್ತೆ. 14 ವರ್ಷವಾಯ್ತು. ಈ ವರ್ಷಗಳಲ್ಲಿ ಎರಡು ಮೆಡಿಕಲ್ ಕಾಲೇಜಿನ ತಂಡಗಳು ಫ್ಲೋರೈಡ್ ಬಗ್ಗೆ ಅಧ್ಯಯನ ಮಾಡಲು ನಮ್ಮೂರಿಗೆ ಬಂದಿವೆ. ಎರಡರ ಜೊತೆಯೂ ಮನೆಮನೆ ತಿರುಗಿದವಳು ನಾನೇ. ಹಾಗಾಗಿ ಅವರ ಕೆಲಸ ಹೇಗಿತ್ತು ಅಂತ ಹೇಳುವ ಹಕ್ಕು ನನಗಿದೆ ಅನ್ನಿಸುತ್ತದೆ. ಕಾಲೇಜುಗಳ ಹೆಸರು ಬರೆಯುವುದಿಲ್ಲ.

ನಮ್ಮ ಕಡೆ ಕಲ್ಲಿನ ನೆಲ, ಮಳೆ ಕಡಿಮೆ. ಎಲ್ಲದಕ್ಕೂ ಬೋರ್ ನೀರೇ. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರನ್ನು ಕುಡಿಯಬಾರದು. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ದೊಡ್ಡವರ ಮಂಡಿ, ಸೊಂಟ, ಕತ್ತು ಬಿಗಿಯುತ್ತವೆ. ನೀರು ಕಾಯಿಸಿದರೆ ಸರಿಹೋಗುತ್ತದೆ ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ.

ಮೊದಲ ತಂಡ ಮೂರು ದಿನ ಇತ್ತು. ಎರಡು ಜೀಪು, ಹತ್ತಾರು ಹುಡುಗರು. ಮೂತ್ರ ತೆಗೆದುಕೊಂಡರು, ರಕ್ತ ತೆಗೆದುಕೊಂಡರು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು, ಆದರೆ ಓದಿದರೆ ನನಗೇ ಅರ್ಥವಾಗದ ಕನ್ನಡ. ನಮ್ಮ ವಯಸ್ಸಾದವರು ಮನೆಯಲ್ಲಿ ಆಡುವುದು ತೆಲುಗು. ಅವರಿಗೆ ಯಾರು ವಿವರಿಸಬೇಕು? ನಾನೇ ವಿವರಿಸಿದೆ, ನನಗೆ ತಿಳಿದಷ್ಟು. ಆಮೇಲೆ ಆ ತಂಡದವರು ಬರಲೇ ಇಲ್ಲ. ಪಕ್ಕದ ಬೀದಿಯ ಅಜ್ಜಿ ಒಬ್ಬರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು, "ಏನಮ್ಮಾ, ನನ್ನ ರಿಪೋರ್ಟ್ ಬಂತಾ?" ಎರಡು ವರ್ಷ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಆ ತಂಡಕ್ಕೆ ಐದರಲ್ಲಿ ಒಂದು ಅಂಕ. ಅದೂ ಬಂದ ಮಕ್ಕಳು ಮರ್ಯಾದೆಯಿಂದ ಮಾತಾಡಿದ್ದಕ್ಕೆ.

ಎರಡನೆಯ ತಂಡ ಬರುತ್ತದೆ ಅಂದಾಗ ಯಾರಿಗೂ ಮನಸ್ಸಿರಲಿಲ್ಲ. ಅವರು ಮೊದಲ ಸಲ ಮೂತ್ರ, ರಕ್ತ ತೆಗೆಯುವ ಬಾಟಲಿ ತರಲಿಲ್ಲ. ಮೂರು ಸಂಜೆ ಅರಳಿ ಕಟ್ಟೆಯ ಮೇಲೆ ಸುಮ್ನೆ ಕೂತು ಕೇಳಿದರು. ಅವರಿಗೆ ಬೇಕಿದ್ದದ್ದು ಮಕ್ಕಳ ಹಲ್ಲಿನ ಲೆಕ್ಕ. ನಮ್ಮ ಹೆಂಗಸರು ಹೇಳಿದ್ದು ಬೇರೆ: ಮೊದಲು ನಮ್ಮ ಮಂಡಿ ನೋಡಿ, ಊರಿನ ಶುದ್ಧ ನೀರಿನ ಫಿಲ್ಟರ್ ಯಾಕೆ ಪದೇ ಪದೇ ಕೆಡುತ್ತದೆ ಅಂತ ನೋಡಿ. ತಂಡದ ಮೇಡಂ ಬರೆದುಕೊಂಡರು. ಮುಂದಿನ ಸಲ ಬಂದಾಗ ಪ್ರಶ್ನೆಗಳ ಪಟ್ಟಿಯಲ್ಲಿ ಅವೆರಡೂ ಇದ್ದವು. ಹಲ್ಲಿನ ಪ್ರಶ್ನೆಯೂ ಇತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಅವರ ಪಟ್ಟಿಯಲ್ಲಿ "ಕುಡಿಯುವ ನೀರು ಎಲ್ಲಿಂದ?" ಅಂತ ಒಂದು ಪ್ರಶ್ನೆ. ಎಲ್ಲರೂ ಫಿಲ್ಟರ್ ನೀರು ಅಂದರು. ಸುಳ್ಳಲ್ಲ, ಐದು ರೂಪಾಯಿ ಹಾಕಿ 20 ಲೀಟರ್ ಕ್ಯಾನ್ ತರುತ್ತಾರೆ. ಪಟ್ಟಿ ಹಾಗೇ ತುಂಬಿದ್ದರೆ ನಮ್ಮೂರಿನಲ್ಲಿ ತೊಂದರೆಯೇ ಇಲ್ಲ ಅಂತ ಆಗುತ್ತಿತ್ತು. ಆಗ ನಮ್ಮ ಸಂಘದ ಒಬ್ಬಾಕೆ ಎದ್ದು, "ಮುದ್ದೆ ಎಸರಿಗೆ ಯಾವ ನೀರು ಅಂತ ಕೇಳಿ ಮೇಡಂ" ಅಂದಳು. ಮುದ್ದೆಗೆ, ಸಾರಿಗೆ, ಟೀಗೆ ಎಲ್ಲದಕ್ಕೂ ಬೋರ್ ನೀರೇ ಹಾಕುತ್ತೇವೆ. ಅಡುಗೆಗೂ ಫಿಲ್ಟರ್ ನೀರು ಅಂದರೆ ದಿನಕ್ಕೆ ಎರಡು ಕ್ಯಾನ್ ಬೇಕು. ಹತ್ತು ರೂಪಾಯಿ ಹೇಗೋ ಆಗುತ್ತದೆ, ಆದರೆ ಮಂಡಿ ನೋವಿನವಳು ಎರಡು ಸಲ ಹೊರಬೇಕಲ್ವಾ? ಅವತ್ತೇ ಪ್ರಶ್ನೆಯನ್ನು ಎರಡು ಮಾಡಿದರು: ಕುಡಿಯುವ ನೀರು, ಅಡುಗೆಯ ನೀರು. ಇಷ್ಟು ಓದಿದವರಿಗೆ ಹೊಳೆಯದ ಪ್ರಶ್ನೆ ಒಲೆ ಮುಂದೆ ಕೂರುವವಳಿಗೆ ಹೊಳೆಯಿತು. ನನಗೆ ಅವಳ ಬಗ್ಗೆ ತುಂಬಾ ಹೆಮ್ಮೆ.

ಒಪ್ಪಿಗೆ ಪತ್ರವನ್ನು ತೆಲುಗಿನಲ್ಲೂ ಓದಿ ಹೇಳಿದರು. ಓದಲು ಬಾರದವರ ಪಕ್ಕದಲ್ಲಿ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಇರುತ್ತಿದ್ದರು. ಒಂದು ಪ್ರತಿ ಮನೆಯಲ್ಲೇ ಬಿಟ್ಟು ಹೋದರು. ಇದು ಅವರ ದೊಡ್ಡತನ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ತಂದ ಮಾರ್ಗಸೂಚಿಯಲ್ಲೇ ಇದೆಲ್ಲ ಇದೆ. ಪ್ರತಿ ಸಿಗಬೇಕು, ಸಾಕ್ಷಿ ಇರಬೇಕು, ಕೂಲಿ ತಪ್ಪಿದರೆ ಅದನ್ನೂ ತುಂಬಿಕೊಡಬಹುದು. ಇದು ಮೊದಲೇ ಗೊತ್ತಿದ್ದರೆ ನಾನು ಯಾರ ಹೆಬ್ಬೆಟ್ಟನ್ನೂ ಹಾಗೆ ಹಿಡಿದು ಒತ್ತಿಸುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ವಾಪಸ್ ಬಂದರು. ಗ್ರಾಮಸಭೆಯಲ್ಲಿ ಒಂದೊಂದು ಬೋರಿನ ಅಂಕಿ ಓದಿದರು. ಒಂದೇ ಒಂದು ಬೋರ್ 1.5ರ ಒಳಗಿತ್ತು. ಉಳಿದವಕ್ಕೆ ಪಂಚಾಯಿತಿಯವರಿಂದ ಕೆಂಪು ಬಣ್ಣ ಬಳಿಸಿದರು. ಮನೆಮನೆಯ ರಿಪೋರ್ಟನ್ನು ಲಕೋಟೆಯಲ್ಲಿ ಹಾಕಿ ಕೊಟ್ಟರು. ಆ ಅಜ್ಜಿ ಲಕೋಟೆ ತೆರೆಯದೆ ದೇವರ ಪಟದ ಹಿಂದೆ ಇಟ್ಟುಕೊಂಡಿದ್ದರು. ನಾನೇ ಬೇಡಿಕೊಂಡು ತೆಗೆಸಿ ಓದಿ ಹೇಳಿದೆ.

ಕೊರತೆಗಳೂ ಇವೆ. ಜೊತೆಗೆ ತಿರುಗಿದ ನಾಲ್ಕು ಹೆಣ್ಣುಮಕ್ಕಳಿಗೆ ದುಡ್ಡು ಬಂದಿದ್ದು ಆರು ತಿಂಗಳು ತಡವಾಗಿ. ದೊಡ್ಡ ವರದಿ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಕೊಟ್ಟಿದ್ದು ಎರಡೇ ಪುಟ. ಮುದ್ದೆ ಎಸರಿನ ಪ್ರಶ್ನೆ ಕೇಳಿದವಳ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅವಳ ಒಪ್ಪಿಗೆ ಕೇಳಿ ಹಾಕಬಹುದಿತ್ತು. ಇದು ನನಗೆ ಇನ್ನೂ ನೋವು.

ಈ ತಂಡಕ್ಕೆ ನಾಲ್ಕು ಅಂಕ. ನಿಮ್ಮೂರಿಗೆ ಇಂಥವರು ಬಂದರೆ, ಫಲಿತಾಂಶ ಹೇಳಲು ಯಾವ ತಿಂಗಳು ವಾಪಸ್ ಬರುತ್ತೀರಿ ಅಂತ ಪಂಚಾಯಿತಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಬಾಟಲಿ ಕೊಡಿ.

ಹೋಗುವಾಗ ನೀರು ಪರೀಕ್ಷೆಯ ಕಿಟ್ ಒಂದನ್ನು ಶಾಲೆಗೆ ಕೊಟ್ಟಿದ್ದರು. ಹನಿ ಹಾಕಿದಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿದರೆ ಫ್ಲೋರೈಡ್ ಜಾಸ್ತಿ ಅಂತ. ಅದರ ದ್ರಾವಣ ಈಗ ಮುಗಿದಿದೆ. ಮೊನ್ನೆ ಮೇಡಂಗೆ ಫೋನ್ ಮಾಡಿದ್ದೆ, ಬಸ್ಸಿನಲ್ಲಿ ಕಳಿಸುತ್ತೇನೆ ಅಂದಿದ್ದಾರೆ. ಶಾಲೆಯ ಹಿಂದೆ ಹೊಸ ಬೋರ್ ಕೊರೆದಿದ್ದಾರೆ. ದ್ರಾವಣ ಬಂದ ದಿನವೇ ಆ ನೀರನ್ನು ನೋಡಬೇಕು.