ವಿನೆಗರ್ ಕೇಕೋ, ಟೊಮೆಟೊ ಸೂಪ್ ಕೇಕೋ?

ಎರಡೂ ಅಮೆರಿಕದ ಹಳೇ ಮನೆ ಕೇಕ್‌ಗಳು. 1930ರ ದಶಕದ ಆರ್ಥಿಕ ಕುಸಿತದ ದಿನಗಳ ಜೊತೆ ಇವುಗಳ ಹೆಸರು ತಳುಕು ಹಾಕಿಕೊಂಡಿದೆ. ಯಾವುದು ಮಾಡಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ವಿನೆಗರ್‌ದೇ ಅಗ್ಗ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ, ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ ಎಣ್ಣೆ, ಒಂದು ಕಪ್ ನೀರು. ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಬೇಡ. ಸೂಪ್ ಕೇಕ್‌ಗೆ ಬೇಕಾದ ಗಟ್ಟಿ ಸೂಪಿನ ಡಬ್ಬಿ ಅಲ್ಲಿ ಅಗ್ಗ, ನಮ್ಮಲ್ಲಿ ದುಬಾರಿ. ಸೂಪ್ ಪುಡಿ ಹಾಕಿಬಿಡೋಣ ಅಂದುಕೊಳ್ಳಬೇಡಿ, ಅದರಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತವೆ!

ಮಾಡುವುದು? ವಿನೆಗರ್ ಕೇಕನ್ನು ಬೇಯಿಸುವ ತಟ್ಟೆಯಲ್ಲೇ ಕಲಸಬಹುದು. ಒಂದು ಸಣ್ಣ ಚಮಚ ಅಡುಗೆ ಸೋಡಾಕ್ಕೆ ಒಂದು ದೊಡ್ಡ ಚಮಚ ವಿನೆಗರ್ ತಾಗಿದ ಕೂಡಲೇ ನೊರೆ ಏಳುತ್ತದೆ. ಆಗ ಫೋನ್ ಎತ್ತಬೇಡಿ. ತಡ ಮಾಡದೆ 180 ಡಿಗ್ರಿ ಓವನ್‌ಗೆ ಹಾಕಿ, ಅರ್ಧ ಗಂಟೆ ಸಾಕು. ಹುಳಿ ವಾಸನೆ ಉಳಿಯುವುದಿಲ್ಲ.

ಸೂಪ್ ಕೇಕ್‌ನಲ್ಲಿ ಸೋಡಾ ಜೊತೆ ಸೇರುವ ಹುಳಿ ಟೊಮೆಟೊದ್ದೇ. ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಹಾಕುವುದರಿಂದ ಟೊಮೆಟೊ ಅಂತ ಗೊತ್ತೇ ಆಗುವುದಿಲ್ಲ. ಮರುದಿನ ಮಸಾಲೆ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ.

ಮೊಟ್ಟೆ ತಿನ್ನದವರಿಗೆ, ಸಂಜೆ ದಿಢೀರ್ ಬಂದ ಮಕ್ಕಳಿಗೆ ವಿನೆಗರ್ ಕೇಕ್. ಮುಂಚೆಯೇ ಮಾಡಿಟ್ಟು ಕಾಫಿ ಜೊತೆ ಕೊಟ್ಟು, "ಏನು ಹಾಕಿದೀನಿ ಹೇಳಿ ನೋಡೋಣ" ಅನ್ನಬೇಕಿದ್ದರೆ ಸೂಪ್ ಕೇಕ್.