ಪ್ಯಾಚ್ ಟೂಲ್ ಹುಡುಕುವವರೇ, ನನಗಾದದ್ದು ನಿಮಗಾಗಬಾರದು

ಗೇಮ್‌ಗಳಿಗೆ ಕನ್ನಡ ಹಾಕುವವರು, ಮಾಡ್ ಮಾಡುವವರು (ಗೇಮ್ ಅನ್ನು ತಮಗೆ ಬೇಕಾದಂತೆ ಬದಲಿಸುವವರು), ಫೈಲ್ ತಿದ್ದಿ ಗೆಳೆಯರಿಗೆ ಹಂಚುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನಡೆದದ್ದು.

ನಾವು ನಾಲ್ಕು ಜನ. ಭಾನುವಾರಗಳಲ್ಲಿ ರಾಜಾಜಿನಗರದ ನಮ್ಮ ಮನೆಯಲ್ಲಿ ಸೇರಿ ಒಂದು ಹಳೆಯ ಗೇಮ್‌ನ ಮಾತುಗಳನ್ನೆಲ್ಲ ಕನ್ನಡಕ್ಕೆ ತರುತ್ತಿದ್ದೆವು. ಎಂಟು ತಿಂಗಳ ಕೆಲಸ. ಒತ್ತಕ್ಷರಗಳು ಸರಿಯಾಗಿ ಕೂರುವಂತೆ ಮಾಡುವುದಕ್ಕೇ ಎರಡು ತಿಂಗಳು ಹಿಡಿಯಿತು.

ತಿದ್ದಿದ ಗೇಮ್ ಫೈಲನ್ನು ಇಡಿಯಾಗಿ ಹಂಚುವಂತಿಲ್ಲ. ಅದು ನಮ್ಮದಲ್ಲ, ಗೇಮ್ ಮಾಡಿದವರದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅನುವಾದದ ಹಕ್ಕೂ ಅವರದೇ. ಅದಕ್ಕೇ ಮೊದಲೇ ಮೇಲ್ ಬರೆದು ಕೇಳಿದ್ದೆವು. ಬರೀ ಬದಲಾವಣೆಯನ್ನು ಹಂಚಿ, ಮೂಲ ಫೈಲ್ ಬೇಡ ಅಂತ ಒಪ್ಪಿದರು. ಅಂದರೆ ಪ್ಯಾಚ್. ಮೂಲಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ ಅದರಲ್ಲಿರುತ್ತದೆ. ಗೇಮ್ ಕೊಂಡವರು ತಮ್ಮ ಫೈಲ್‌ಗೆ ಅದನ್ನು ಹಾಕಿದರೆ ಕನ್ನಡದ ಫೈಲ್ ಸಿಗುತ್ತದೆ. ಗೇಮ್ ಇಲ್ಲದವರಿಗೆ ಅದರಿಂದ ಏನೂ ಆಗುವುದಿಲ್ಲ.

ಮೊದಲು ಐಪಿಎಸ್ ಅನ್ನೋ ಹಳೆಯ ನಮೂನೆಯಲ್ಲಿ ಪ್ಯಾಚ್ ಮಾಡಿ ನೋಡಿದೆವು. ಅದು ಫೈಲ್‌ನೊಳಗಿನ ಜಾಗವನ್ನು ಮೂರು ಬೈಟ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಹಾಗಾಗಿ ಸುಮಾರು 16 ಎಂಬಿ ದಾಟಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ನಮ್ಮ ಫೈಲ್ 240 ಎಂಬಿ. ಇನ್ನೊಂದು ಟೂಲ್ ಚೆನ್ನಾಗಿತ್ತು, ಆದರೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ನಮ್ಮಲ್ಲೇ ಒಬ್ಬನದು ಮ್ಯಾಕ್, ಒಬ್ಬಳದು ಉಬುಂಟು ಅನ್ನೋ ಲಿನಕ್ಸ್. ಮೂರರಲ್ಲೂ ನಡೆಯುವಂಥದ್ದು ಬೇಕಿತ್ತು.

ಶನಿವಾರ ರಾತ್ರಿ ಹನ್ನೊಂದೂವರೆ. ಬೆಳಗ್ಗೆ ಪ್ಯಾಚ್ ಕೊಡ್ತೀವಿ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಹುಡುಕಿದಾಗ ಮೊದಲಿಗೆ ಬಂದದ್ದನ್ನೇ ಒತ್ತಿದೆ. ಮೇಲೆ ಜಾಹೀರಾತು ಅಂತ ಸಣ್ಣದಾಗಿ ಬರೆದಿತ್ತು, ಗಮನಿಸಲಿಲ್ಲ. ಪುಟ ಅಚ್ಚುಕಟ್ಟಾಗಿತ್ತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬಟನ್ ಇತ್ತು. ಜಿಪ್ ಇಳಿಯಿತು. ತೆಗೆಯಲು ಪಾಸ್‌ವರ್ಡ್ ಬೇಕು, ಅದು ಅದೇ ಪುಟದಲ್ಲಿ ಬರೆದಿದೆ. ‘ಆಂಟಿವೈರಸ್ ಸುಮ್ನೆ ಹೆದರಿಸುತ್ತದೆ, ಸ್ವಲ್ಪ ಹೊತ್ತು ಆಫ್ ಮಾಡಿ’ ಅಂತಲೂ ಇತ್ತು. ಇಂಥ ಟೂಲ್‌ಗಳಿಗೆ ಕೆಲವೊಮ್ಮೆ ತಪ್ಪು ಎಚ್ಚರಿಕೆ ಬರುವುದು ನಿಜ. ಅದನ್ನು ನಂಬಿ ಆಫ್ ಮಾಡಿದೆ. ಓಡಿಸಿದಾಗ ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಯಿತು. ಟೂಲ್ ತೆರೆಯಲೇ ಇಲ್ಲ. ಅಳಿಸಿ ಮಲಗಿದೆ.

ಆ ಪಾಸ್‌ವರ್ಡ್ ಯಾಕೆ ಅಂತ ಆಮೇಲೆ ಅರ್ಥವಾಯಿತು. ಪಾಸ್‌ವರ್ಡ್ ಹಾಕಿದ ಜಿಪ್ ಒಳಗೆ ಏನಿದೆ ಅಂತ ಆಂಟಿವೈರಸ್‌ಗೆ ನೋಡಲು ಆಗುವುದಿಲ್ಲ. ಎಲ್ಲರೂ ಬಳಸುವ ಉಚಿತ ಟೂಲ್‌ಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದಲ್ಲೇ ಇಟ್ಟಿದ್ದಾರೆ ಅಂದರೆ ಅದನ್ನು ಮುಟ್ಟಲೇಬೇಡಿ.

ಬೆಳಗ್ಗೆ ಒಂಬತ್ತಕ್ಕೆ ಫೋನ್. ನಮ್ಮ ಕೆಲಸವನ್ನು ಮೊದಲಿನಿಂದಲೂ ಪರೀಕ್ಷೆ ಮಾಡಿ ಕೊಡುತ್ತಿದ್ದ ಪಿಯುಸಿ ಹುಡುಗ.

‘ಅಣ್ಣಾ, ದುಡ್ಡು ಬಂತಾ?’

‘ಯಾವ ದುಡ್ಡೋ?’

‘ರಾತ್ರಿ ಟೆಲಿಗ್ರಾಂನಲ್ಲಿ ಕೇಳಿದ್ರಲ್ಲ ಅಣ್ಣಾ, ಆಸ್ಪತ್ರೆಗೆ ಅಂತ. ಆರು ಸಾವಿರ ಹಾಕಿದೆ.’

ಕಾಲೇಜು ಫೀಸಿಗೆ ಅಂತ ಅವರಮ್ಮ ಕೊಟ್ಟಿದ್ದ ದುಡ್ಡದು. ಕೇಳಿದ್ದು ನಾನು ಅಂತ ಒಂದು ಮಾತೂ ವಿಚಾರಿಸದೆ ಕಳಿಸಿದ್ದ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ಫೈಲ್ ಮಾಡಿದ್ದು ಇಷ್ಟು. ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು, ಕುಕೀಗಳು, ಟೆಲಿಗ್ರಾಂನ ಲಾಗಿನ್ ಎಲ್ಲ ಬಾಚಿಕೊಂಡು ಹೋಯಿತು. ಒಮ್ಮೆ ಲಾಗಿನ್ ಆದ ಗುರುತು ಕುಕೀಯಲ್ಲಿ ಇರುತ್ತದೆ. ಅದು ಕೈಗೆ ಸಿಕ್ಕರೆ ಓಟಿಪಿ ಇಲ್ಲದೆಯೇ ಖಾತೆಗೆ ನುಗ್ಗಬಹುದು. ನನಗೆ ಎರಡು ಹಂತದ ಭದ್ರತೆ ಇದೆ ಅಂತ ಧೈರ್ಯವಾಗಿದ್ದೆ. ಇಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಿಸಿದೆ. ಬೇಗ ಹೇಳಿದರೆ ದುಡ್ಡು ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ನಾವು ಹೇಳುವಷ್ಟರಲ್ಲಿ ಒಂಬತ್ತು ಗಂಟೆ ಕಳೆದಿತ್ತು. ದುಡ್ಡು ಇನ್ನೂ ಬಂದಿಲ್ಲ. ಹುಡುಗನಿಗೆ ನನ್ನ ಕೈಯಿಂದ ಕೊಟ್ಟೆ. ಲ್ಯಾಪ್‌ಟಾಪನ್ನು ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗೆ ಒಯ್ದು ಪೂರ್ತಿ ಫಾರ್ಮ್ಯಾಟ್ ಮಾಡಿಸಿದೆ.

ಮ್ಯಾಕ್ ಇರುವ ಗೆಳೆಯ ಅದೇ ಪುಟ ತೆರೆದಾಗ ಬೇರೆಯೇ ಬಂತು. ‘ಈ ಸಾಲನ್ನು ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಹಾಕಿ’ ಅಂತ. ಟರ್ಮಿನಲ್ ಅಂದರೆ ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಬರೆದು ಕೊಡುವ ಕಿಟಕಿ. ಅವನು ಹಾಕಲಿಲ್ಲ, ಬಚಾವಾದ. ಮ್ಯಾಕ್‌ಗೆ ಏನೂ ಆಗಲ್ಲ ಅಂತ ಇರಬೇಡಿ.

ನನಗೆ ಬೇಕಿದ್ದ ಟೂಲ್ ವರ್ಷಗಳಿಂದ ಉಚಿತವಾಗಿಯೇ ಇದೆ. ಅದರ ಹೆಸರು ಎಕ್ಸ್‌ಡೆಲ್ಟಾ3. 2002ರಲ್ಲಿ ಆರ್‌ಎಫ್‌ಸಿ 3284 ಅನ್ನೋ ಇಂಟರ್ನೆಟ್ ದಾಖಲೆಯಾಗಿ ಪ್ರಕಟವಾದ ವಿಸಿಡಿಫ್ ಅನ್ನೋ ತೆರೆದ ನಮೂನೆಯಲ್ಲಿ ಪ್ಯಾಚ್ ಬರೆಯುತ್ತದೆ. ಸಾಫ್ಟ್‌ವೇರ್ ಹಾಕಿಕೊಡುವ ಟೂಲ್‌ಗಳಾದ ಆಪ್ಟ್‌ನಿಂದ ಉಬುಂಟುವಿನಲ್ಲಿ, ಹೋಮ್‌ಬ್ರೂನಿಂದ ಮ್ಯಾಕ್‌ನಲ್ಲಿ ಹಾಕಿಕೊಳ್ಳಬಹುದು. ವಿಂಡೋಸ್‌ನವರು ಅದನ್ನು ಬರೆದವರ ಗಿಟ್‌ಹಬ್ ಪುಟದಿಂದಲೇ ಇಳಿಸಿಕೊಳ್ಳಿ, ಹುಡುಕಾಟದ ಜಾಹೀರಾತಿನಿಂದ ಬೇಡ. ವಿಂಡೋಸ್‌ನಲ್ಲಿ ಮಾಡಿದ ಪ್ಯಾಚ್ ಉಬುಂಟುವಿನಲ್ಲೂ ಮ್ಯಾಕ್‌ನಲ್ಲೂ ಸರಿಯಾಗಿ ಕೂತಿತು. ಫೈಲ್ ಚಿಕ್ಕದಿದ್ದರೆ ಬಿಪಿಎಸ್ ಅನ್ನೋ ಪ್ಯಾಚ್ ನಮೂನೆ ಕೂಡ ಒಳ್ಳೆಯದು. ಮೂಲ ಫೈಲ್ ಬೇರೆಯಾಗಿದ್ದರೆ ಅದು ಕಂಡುಹಿಡಿಯುತ್ತದೆ. ಐಪಿಎಸ್‌ಗೆ ಆ ತಪಾಸಣೆ ಇಲ್ಲ, ತಪ್ಪು ಫೈಲ್‌ಗೂ ಸುಮ್ನೆ ಹಚ್ಚಿಬಿಡುತ್ತದೆ.

ಪ್ಯಾಚ್ ಹಂಚುವವರಿಗೆ ಒಂದು ಮಾತು. ಮೂಲ ಫೈಲ್‌ನ ಎಸ್‌ಎಚ್‌ಎ-256 ಮೊತ್ತವನ್ನೂ ಪ್ಯಾಚ್‌ನ ಮೊತ್ತವನ್ನೂ ಜೊತೆಗೇ ಬರೆದು ಹಾಕಿ. ಅದು ಫೈಲ್‌ನ ಬೆರಳಚ್ಚು ಇದ್ದಂತೆ, ಫೈಲ್ ಸ್ವಲ್ಪ ಬದಲಾದರೂ ಮೊತ್ತ ಬೇರೆಯಾಗುತ್ತದೆ. ನೋಡಲು ಹೊಸ ಟೂಲ್ ಬೇಡ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್ ಇದ್ದೇ ಇವೆ. ಗೇಮ್‌ಗೆ ಅಪ್‌ಡೇಟ್ ಬಂದು ಮೂಲ ಫೈಲ್ ಬದಲಾದರೆ ಪ್ಯಾಚ್ ಕೂರುವುದಿಲ್ಲ. ಆಗ ಜನ ಬೇರೆ ಟೂಲ್ ಹುಡುಕಲು ಹೊರಡುತ್ತಾರೆ, ಅಲ್ವಾ? ಮೊತ್ತ ಹೋಲಿಸಿ ನೋಡಿದರೆ ಕಾರಣ ಅಲ್ಲೇ ಗೊತ್ತಾಗುತ್ತದೆ.

ನೀವು ಈಗಾಗಲೇ ಇಂಥ ಜಿಪ್ ತೆಗೆದು ಓಡಿಸಿದ್ದರೆ ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತುಹಾಕಿ. ಬೇರೆ ಫೋನಿನಿಂದ ಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಟೆಲಿಗ್ರಾಂನಲ್ಲೂ ಬೇರೆ ಸೆಷನ್‌ಗಳನ್ನೆಲ್ಲ (ಬೇರೆ ಸಾಧನಗಳಲ್ಲಿ ತೆರೆದಿರುವ ಲಾಗಿನ್‌ಗಳನ್ನು) ಮುಗಿಸಿ. ಪಾಸ್‌ವರ್ಡ್ ಮಾತ್ರ ಬದಲಿಸಿ ಲಾಗೌಟ್ ಬಿಟ್ಟರೆ ಕಳ್ಳ ಕೆಲವು ಕಡೆ ಒಳಗೇ ಉಳಿದುಬಿಡಬಹುದು. ಆಮೇಲೆ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿ. ಮೆಸೇಜ್ ಬೇಡ, ನಿಮ್ಮ ದನಿಯಲ್ಲೇ ಹೇಳಿ.